ತೂಕದ ಶಿಲ್ಕು

ಬಸವನಗುಡಿಯ ರಾಯರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಪರರ ಹಣವನ್ನು ಪೈಸೆ ತಪ್ಪದಂತೆ ಎಣಿಸಿದ ಆ ಕೈಗಳಿಗೆ ಎಣಿಸಲು ಈಗ ಉಳಿದದ್ದು ತಮ್ಮ ದೇಹದ ತೂಕವೊಂದೇ. ಅದಕ್ಕೆ ಕಾರಣವೂ ಇತ್ತು. ಸಕ್ಕರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದು ವೈದ್ಯರು ರಕ್ತಪರೀಕ್ಷೆಯ ಕಾಗದವನ್ನು ಮುಂದಿಟ್ಟು ಹೇಳಿದ್ದರು. ರಾಯರ ತಂದೆ ಅದೇ ಕಾಯಿಲೆಯಿಂದ ದೃಷ್ಟಿಯನ್ನು ಕಳೆದುಕೊಂಡು, ಕಡೆಯ ದಿನಗಳಲ್ಲಿ ಮಗನ ಮುಖವನ್ನು ಕೈಯಿಂದ ತಡವಿ ಗುರುತಿಸುತ್ತಿದ್ದರು. ಆ ಸ್ಪರ್ಶವನ್ನು ರಾಯರು ಮರೆತಿರಲಿಲ್ಲ.

ಹೊಸ್ತಿಲಲ್ಲಿ ನಿಂತ ಈ ಅತಿಥಿಯನ್ನು ಹಿಂದಕ್ಕೆ ಕಳುಹಿಸಬಹುದೆಂಬುದು ಬರಿಯ ಸಮಾಧಾನದ ಮಾತಲ್ಲ. ಅಮೆರಿಕದಲ್ಲಿ ಇಂಥವರನ್ನೇ ಆರಿಸಿಕೊಂಡು ನಡೆಸಿ, 2002ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದಿದೆ. ತೂಕವನ್ನು ಶೇಕಡ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಹೊತ್ತವರಲ್ಲಿ ಕಾಯಿಲೆ ತಗಲುವ ಸಂಭವವು, ಔಷಧವೆಂದು ಹುಸಿ ಗುಳಿಗೆ ನುಂಗಿದವರಿಗಿಂತ ಶೇಕಡ 58ರಷ್ಟು ಕಡಿಮೆಯಾಯಿತು. 84 ಕಿಲೋ ತೂಗುತ್ತಿದ್ದ ರಾಯರ ಪಾಲಿಗೆ ಇದರ ಅರ್ಥ, ಸುಮಾರು 6 ಕಿಲೋ ಇಳಿಯಬೇಕು.

ಮನೆಗೆ ತೂಕದ ಯಂತ್ರ ಬಂದಿತು. ಅದರ ಪಕ್ಕದಲ್ಲಿ ಒಂದು ಪುಸ್ತಕ. ಬೆಳಗಿನ ಲಾಲ್‌ಬಾಗಿನ ನಡಿಗೆ, ಸಕ್ಕರೆಯಿಲ್ಲದ ಕಾಫಿ, ಅರ್ಧಕ್ಕಿಳಿದ ಅನ್ನ — ಎಲ್ಲವೂ ಕ್ರಮವಾಗಿ ನಡೆದವು. ಮೂರನೆಯ ವಾರದ ಭಾನುವಾರ ಬೆಳಿಗ್ಗೆ ಯಂತ್ರವು 81.9 ಎಂದು ತೋರಿಸಿದಾಗ ರಾಯರ ಮುಖದಲ್ಲಿ ಬಡ್ತಿ ಪಡೆದ ಗುಮಾಸ್ತನ ಗೆಲುವು ಕಂಡಿತು. ಅದೇ ದಿನ ನೆಂಟರ ಮದುವೆ. ಬಿಸಿಬೇಳೆಭಾತು, ಹಪ್ಪಳ, ಉಪ್ಪಿನಕಾಯಿ, ಎರಡು ಹೋಳಿಗೆ. ಮರುದಿನ ಬೆಳಿಗ್ಗೆ ಯಂತ್ರ ತೋರಿಸಿದ್ದು 83.4!

ರಾಯರು ಇಳಿದು ಮತ್ತೆ ಹತ್ತಿದರು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಅಂದು ಲಾಲ್‌ಬಾಗಿಗೆ ಹೋಗಲಿಲ್ಲ. ಯಂತ್ರವನ್ನು ಕಾಲಿನಿಂದಲೇ ಮಂಚದ ಕೆಳಕ್ಕೆ ತಳ್ಳಿ, ಕಾಫಿಗೆ ಎರಡು ಚಮಚ ಸಕ್ಕರೆ ಹಾಕೆಂದು ಅಡಿಗೆಮನೆಗೆ ಕೂಗಿದರು. “ಮೂರು ವಾರದ ತಪಸ್ಸು ಒಂದು ಊಟಕ್ಕೆ ಕರಗಿಹೋಯಿತು. ಅಪ್ಪನಿಗೆ ಬಂದದ್ದು ನನಗೂ ಬರಲಿ ಬಿಡು” ಎಂದರು.

ಕಾಫಿ ಬಂದಿತು, ಸಕ್ಕರೆ ಬರಲಿಲ್ಲ. ಲೋಟವನ್ನು ಮುಂದಿಟ್ಟು ಪತ್ನಿ ಕೇಳಿದ ಪ್ರಶ್ನೆ ಒಂದೇ: “ಅಲ್ಲ, ನೀವು ಬ್ಯಾಂಕಿನಲ್ಲಿದ್ದಾಗ ಸಂಜೆ ತಿಜೋರಿಯಲ್ಲಿ ಹಣ ಹೆಚ್ಚಾಗಿದ್ದರೆ ಅದೆಲ್ಲ ಬ್ಯಾಂಕಿಗೆ ಬಂದ ಲಾಭ ಅಂತ ಬರೀತಿದ್ರಾ?”

ರಾಯರು ಬೆಚ್ಚಿದರು. ತಿಜೋರಿಯ ಶಿಲ್ಕು ಬೇರೆ, ಲಾಭ ಬೇರೆ ಎಂಬುದು ಅವರು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತ ಪಾಠ. ಇಂದು ಠೇವಣಿ ಬಂದ ಹಣ ನಾಳೆ ಹಿಂದಕ್ಕೆ ಹೋಗುತ್ತದೆ. ಅದು ಬ್ಯಾಂಕಿನ ಸ್ವಂತ ಆಸ್ತಿಯಲ್ಲ.

ದೇಹದ ವ್ಯವಹಾರವೂ ಹೀಗೆಯೇ. ತೂಕದ ಯಂತ್ರವು ಕೊಬ್ಬನ್ನು ಮಾತ್ರ ತೂಗುವುದಿಲ್ಲ. ಕುಡಿದ ನೀರು, ಜೀರ್ಣವಾಗದೆ ಉಳಿದ ಊಟ, ವಿಸರ್ಜನೆಯಾಗದ ಮಲಮೂತ್ರ ಎಲ್ಲವನ್ನೂ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದೆ. ಅರ್ಧ ಲೀಟರು ನೀರು ಕುಡಿದು ನಿಂತರೆ ಅರ್ಧ ಕಿಲೋ ಹೆಚ್ಚುವುದು ಖಚಿತ. ಹಪ್ಪಳ, ಉಪ್ಪಿನಕಾಯಿಗಳ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡಗಳು ಅದನ್ನು ಹೊರಹಾಕಲು ಒಂದೆರಡು ದಿನ ಬೇಕು. ಅನ್ನ, ಹೋಳಿಗೆಗಳ ಪಿಷ್ಟ ಮತ್ತು ಸಕ್ಕರೆಯ ಒಂದು ಭಾಗ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ದಾಸ್ತಾನಾಗಿ ಕೂಡುತ್ತದೆ. ಆ ದಾಸ್ತಾನಿನ ಒಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಸ್ತ್ರೀಯರಲ್ಲಿ ಮಾಸಿಕ ದಿನಗಳ ಮುಂಚೆ ನೀರು ನಿಂತು ತೂಕವೇರುವುದೂ ಇಂಥದೇ ತಾತ್ಕಾಲಿಕ ಠೇವಣಿ.

ಕೊಬ್ಬಿನ ಲೆಕ್ಕವೋ ಬಹು ನಿಧಾನದ್ದು. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ದೇಹದ ವೆಚ್ಚ ಕಳೆದು ಸುಮಾರು 7,700 ಕ್ಯಾಲೊರಿ ಮಿಗಬೇಕು. ರಾಯರ ಒಂದೂವರೆ ಕಿಲೋ ಕೊಬ್ಬೇ ಆಗಿದ್ದರೆ ಅವರು ಒಂದೇ ದಿನದಲ್ಲಿ ಐದಾರು ದಿನಗಳ ಆಹಾರವನ್ನು ಹೆಚ್ಚಾಗಿ ಉಂಡಿರಬೇಕಾಗಿತ್ತು. ಎರಡು ಹೋಳಿಗೆಗೆ ಅಷ್ಟು ಸಾಮರ್ಥ್ಯವಿಲ್ಲ.

ಈ ಏರಿಳಿತವನ್ನು ಕಂಡು ಬೆರಗಾದವರಲ್ಲಿ ರಾಯರು ಮೊದಲಿಗರಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಸ್ಯಾಂಟೋರಿಯೋ ಎಂಬ ವೈದ್ಯನು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ತನ್ನನ್ನೂ ವರ್ಷಗಟ್ಟಲೆ ತೂಗಿದ. ಎಂಟು ಪೌಂಡು ಅನ್ನಪಾನ ಒಳಹೋದರೆ ಐದು ಪೌಂಡಿನಷ್ಟು ಕಣ್ಣಿಗೆ ಕಾಣದೆ ಹೊರಹೋಗುತ್ತದೆಂದು ತನ್ನ ಲೆಕ್ಕವನ್ನು 1614ರ ಗ್ರಂಥದಲ್ಲಿ ಬರೆದ. ಚರ್ಮದಿಂದಲೂ ಉಸಿರಿನಿಂದಲೂ ನೀರು ಸದ್ದಿಲ್ಲದೆ ಆರುತ್ತಲೇ ಇರುತ್ತದೆ. ನಿದ್ರೆಯಿಂದೆದ್ದಾಗ ಮನುಷ್ಯ ರಾತ್ರಿಗಿಂತ ಹಗುರವಾಗಿರುವುದು ಅದರಿಂದಲೇ. ಆದುದರಿಂದ ಏಕಾದಶಿಯ ಮರುದಿನ ಒಂದು ಕಿಲೋ ಇಳಿಯಿತೆಂದು ಹಿಗ್ಗುವುದೂ, ಮದುವೆಯ ಮರುದಿನ ಏರಿತೆಂದು ಕುಗ್ಗುವುದೂ ಸಮಾನವಾದ ತಪ್ಪು.

ರಾಯರು ಮಂಚದ ಕೆಳಗಿನಿಂದ ಯಂತ್ರವನ್ನು ಎಳೆದುಕೊಂಡರು. ಪುಸ್ತಕದಲ್ಲಿ ಹೊಸ ಕಲಮೊಂದನ್ನು ಗೆರೆಯೆಳೆದರು. ಪ್ರತಿದಿನ ಶೌಚ ಮುಗಿಸಿ, ಕಾಫಿಗೆ ಮುಂಚೆ, ಒಂದೇ ಬಗೆಯ ಉಡುಪಿನಲ್ಲಿ, ಗಟ್ಟಿ ನೆಲದ ಅದೇ ಜಾಗದಲ್ಲಿ ತೂಗುವುದು. ಏಳು ದಿನಗಳ ಅಂಕಿಗಳನ್ನು ಕೂಡಿ ಏಳರಿಂದ ಭಾಗಿಸುವುದು. ಒಂದು ವಾರದ ಸರಾಸರಿಯನ್ನು ಇನ್ನೊಂದರ ಜೊತೆ ಮಾತ್ರ ಹೋಲಿಸುವುದು. ಕಾಲು ಊದಿಕೊಂಡು, ಉಸಿರುಕಟ್ಟಿ, ತೂಕ ದಿಢೀರನೆ ಏರಿದರೆ ಮಾತ್ರ ಲೆಕ್ಕ ಹಾಕುತ್ತ ಕೂರದೆ ವೈದ್ಯರ ಬಳಿ ಓಡುವುದು. ಅದು ಹೃದಯದ ಅಥವಾ ಮೂತ್ರಪಿಂಡದ ಎಚ್ಚರಿಕೆಯಾಗಿರಬಹುದು.

ಆ ವಾರದ ಅಂಕಿಗಳು ಹೀಗಿದ್ದವು: ಸೋಮವಾರ 83.4, ಆಮೇಲೆ 82.9, 82.3, 82.0, 81.9, 81.8, ಭಾನುವಾರ ಮತ್ತೆ 81.8. ಮದುವೆಯೂಟದ ಠೇವಣಿ ಗುರುವಾರದ ಹೊತ್ತಿಗೆ ಬಹುತೇಕ ಹಿಂದಕ್ಕೆ ಹೋಗಿತ್ತು. ನಾಲ್ಕು ವಾರಗಳ ಸರಾಸರಿಯನ್ನು ಸಾಲಾಗಿ ಬರೆದರು: 83.6, 83.0, 82.5, 82.3. ರಾಯರು ಮತ್ತೊಮ್ಮೆ ಕೂಡಿ ನೋಡಿದರು, ತಪ್ಪಿರಲಿಲ್ಲ. ಹೋಳಿಗೆಯನ್ನು ಉಂಡ ವಾರದಲ್ಲಿಯೂ ತೂಕ ಇಳಿದೇ ಇತ್ತು.

ಈಗಲೂ ಕೆಲವು ಬೆಳಿಗ್ಗೆ ಅಂಕಿ ಏರಿರುತ್ತದೆ. ಇನ್ನೂ ಇಳಿಯಬೇಕಾದ ಕಿಲೋಗಳು ಉಳಿದಿವೆ. ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು, ಕಂಡದ್ದನ್ನು ಕಂಡಂತೆ ಬರೆದು ಪುಸ್ತಕವನ್ನು ಮುಚ್ಚುತ್ತಾರೆ. “ಎಷ್ಟಾಯಿತು?” ಎಂದು ಒಳಗಿನಿಂದ ಪತ್ನಿ ಕೇಳಿದರೆ, “ಭಾನುವಾರ ಹೇಳುತ್ತೇನೆ” ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡು ಲಾಲ್‌ಬಾಗಿನ ಕಡೆಗೆ ನಡೆಯುತ್ತಾರೆ.