ವಂಡಲೂರಿನಲ್ಲಿ ಒಂದು ಭಾನುವಾರ

ನಮ್ಮಂಥ ಗುಮಾಸ್ತರಿಗೆ ಭಾನುವಾರವೆಂದರೆ ಸಣ್ಣ ಹಬ್ಬವೇ ಸರಿ. ಪೆರಂಬೂರಿನಲ್ಲಿರುವ ಕನ್ನಡ ಸಂಸಾರಗಳು ಅದನ್ನು ಸುಖವಾಗಿ ಕಳೆಯಲು ವಂಡಲೂರಿನ ಮೃಗಾಲಯ ತಕ್ಕ ಸ್ಥಳ. ಲೋಕಲ್ ರೈಲಿನಲ್ಲಿ ಸೆಂಟ್ರಲ್ ಸೇರಿ, ಎದುರಿನ ಪಾರ್ಕ್ ನಿಲ್ದಾಣದಲ್ಲಿ ಚೆಂಗಲ್ಪಟ್ಟಿನ ಗಾಡಿ ಹತ್ತಿದರಾಯಿತು.

1855ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು ಎಗ್ಮೋರಿನ ವಸ್ತುಸಂಗ್ರಹಾಲಯದ ಆವರಣದಲ್ಲಿ ಆರಂಭಿಸಿದ ಮೃಗಾಲಯವಿದು. ಮುಂದೆ ಸೆಂಟ್ರಲ್ ಬಳಿಯ ಪೀಪಲ್ಸ್ ಪಾರ್ಕಿಗೆ ಬಂದು, 1985ರಲ್ಲಿ ವಂಡಲೂರು ಸೇರಿತು. ಈಗಿನ ವಿಸ್ತಾರ ಸುಮಾರು 600 ಹೆಕ್ಟೇರು. ಒಂದೇ ದಿನದಲ್ಲಿ ನಡೆದು ಮುಗಿಯುವಂಥದಲ್ಲ.

ನಾವು ಹೋದಾಗ ನನ್ನ ಮಗಳು, "ಅಪ್ಪಾ, ಪುಲಿ!" ಎಂದು ಕೂಗಿದಳು. ಇಲ್ಲಿಯೇ ಹುಟ್ಟಿ ತಮಿಳು ಮಕ್ಕಳೊಡನೆ ಬೆಳೆದವಳು. "ಪುಲಿ ಅಲ್ಲ, ಹುಲಿ ಅನ್ನು" ಎಂದು ಅವಳ ತಾಯಿ ಗದರಿದಳು. ಹುಡುಗಿಯ ಮುಖ ಸಪ್ಪಗಾಯಿತು. ನನಗೆ ಕಾಲೇಜಿನಲ್ಲಿ ಓದಿದ ಹಳಗನ್ನಡ ನೆನಪಾಯಿತು. ಅಲ್ಲಿ ಹುಲಿ ಪುಲಿಯೇ, ಹಾವು ಪಾವೇ! ಕರಡಿಗಂತೂ ಇಂದಿಗೂ ಎರಡು ಭಾಷೆಗಳಲ್ಲಿ ಒಂದೇ ಹೆಸರು. ಇದನ್ನು ಹೇಳಿದ್ದೇ ತಡ, ಪ್ರತಿಯೊಂದು ಪ್ರಾಣಿಯ ಮುಂದೆಯೂ "ಕನ್ನಡದಲ್ಲಿ ಇದಕ್ಕೇನು?" ಎಂದು ಕೇಳತೊಡಗಿದಳು.

ಸಿಂಗಳೀಕದ ಮುಂದೆ ಬಹಳ ಹೊತ್ತು ನಿಂತೆವು. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಸಿಂಹದಂತೆ ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟದ ಹೊರತು ಜಗತ್ತಿನ ಬೇರಾವ ಕಾಡಿನಲ್ಲೂ ಇದಿಲ್ಲ. ನಮ್ಮ ಶರಾವತಿ ಕಣಿವೆಯಲ್ಲಿದೆ. "ಹಾಗಾದರೆ ಅಜ್ಜಿಯ ಸೀಮೆಯದೇ?" ಎಂದಳು. ಅಂದು ರಾತ್ರಿ ಅಜ್ಜಿಗೆ ಫೋನಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ವರದಿ ಮಾಡಿದಳು.

ಶಾಲೆಯಲ್ಲಿ ಕನ್ನಡ ದೊರೆಯದ ಮಕ್ಕಳಿಗೆ ಇಂಥ ಒಂದು ದಿನ ಒಳ್ಳೆಯ ಪಾಠ. ವಾಚಕರೂ ಹೋಗಿ ಬರಲಿ. ಮಂಗಳವಾರ ಮಾತ್ರ ಅಲ್ಲಿ ರಜೆ.