ಕುದುರೆ ಮಾರಾಟಕ್ಕಿದೆ

ಪಶುವೈದ್ಯನಾಗಿ ಸರ್ಕಾರಿ ನೌಕರಿ ಮುಗಿಸಿದ ಮೇಲೂ ಕುದುರೆಗಳ ನಂಟು ನನ್ನನ್ನು ಬಿಟ್ಟಿಲ್ಲ. ಈಗ ಅವು ಲಾಯದಲ್ಲಿ ಸಿಗುವುದು ಕಡಿಮೆ, ಮೊಬೈಲಿನಲ್ಲಿ ಸಿಗುವುದೇ ಹೆಚ್ಚು. ಯಾರೋ ಎಲ್ಲೋ ಹಾಕಿದ ಮಾರಾಟದ ಜಾಹೀರಾತನ್ನು ಪರಿಚಯದವರು ನನಗೆ ದಾಟಿಸುತ್ತಾರೆ. “ಡಾಕ್ಟ್ರೇ, ಒಂದ್ಸಲ ನೋಡಿ ಹೇಳಿ. ನೀವು ಹ್ಞೂಂ ಅಂದ್ರೆ ನಾಳೇನೇ ಅಡ್ವಾನ್ಸ್ ಹಾಕ್ಬಿಡ್ತೀನಿ” ಎನ್ನುತ್ತಾರೆ. ಹೀಗೆ ಕೇಳುವವರಲ್ಲಿ ಊರ ಹೊರಗೆ ತೋಟ ಮಾಡಿಕೊಂಡ ಎಂಜಿನಿಯರುಗಳಿದ್ದಾರೆ, ಮಗಳಿಗೆ ಸವಾರಿ ಕಲಿಸುವ ಆಸೆಯ ತಂದೆಯರಿದ್ದಾರೆ, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರಿದ್ದಾರೆ. ಕುದುರೆಯೋ ಪಂಜಾಬಿನಲ್ಲಿರುತ್ತದೆ, ರಾಜಸ್ಥಾನದಲ್ಲಿರುತ್ತದೆ, ಇಲ್ಲವೇ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿರುತ್ತದೆ. ನಡುವೆ ಇರುವುದು ಒಂದು ಫೋಟೊ, ಅರ್ಧ ನಿಮಿಷದ ವಿಡಿಯೊ, ನಾಲ್ಕು ಮಾತು.

ಆ ನಾಲ್ಕು ಮಾತನ್ನು ಓದಿ ಓದಿ ನನಗೆ ಮನದಟ್ಟಾದದ್ದು ಇಷ್ಟು: ಜಾಹೀರಾತಿನಲ್ಲಿ ಬಿಟ್ಟುಹೋದ ಒಂದೊಂದು ಮಾತಿನ ಸಾಲವನ್ನೂ ಕಡೆಗೆ ತೀರಿಸುವುದು ಕುದುರೆಯೇ. ಅದು ಇಪ್ಪತ್ತೈದು, ಮೂವತ್ತು ವರ್ಷ ಬದುಕಬಲ್ಲ ಪ್ರಾಣಿ. ತನಗೆ ಹೊಂದದ ಮನೆಗೆ ಹೋದರೆ ಕೆಲವೇ ತಿಂಗಳಲ್ಲಿ ಮತ್ತೆ ಮಾರಾಟಕ್ಕೆ ನಿಲ್ಲುತ್ತದೆ. ಕೈ ಬದಲಾದ ಹಾಗೆಲ್ಲ ಹೆಸರು ಬದಲಾಗುತ್ತದೆ, ವಯಸ್ಸು ಕಡಿಮೆಯಾಗುತ್ತದೆ, ಹಳೆಯ ಕಾಯಿಲೆಯ ವಿವರ ಕಳೆದುಹೋಗುತ್ತದೆ. ಕೊನೆಗೆ ಯಾವುದೋ ಗಾಡಿಗೋ ಇಟ್ಟಿಗೆ ಗೂಡಿಗೋ ಸೇರುವ ಎಷ್ಟೋ ಕುದುರೆಗಳ ಇಳಿಜಾರು ಶುರುವಾಗಿದ್ದು ಇಂಥ ಒಂದು ಅರೆಬರೆ ಜಾಹೀರಾತಿನಿಂದ.

ಮೊದಲ ತಪ್ಪು ಫೋಟೊದಲ್ಲೇ. ಕುದುರೆಯ ಮುಖದ ಮುಂದೆಯೇ ನಿಂತು ಮೊಬೈಲಿನಲ್ಲಿ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ. ಎತ್ತರದ ಹುಲ್ಲಿನಲ್ಲಿ ನಿಲ್ಲಿಸಿದರೆ ಗೊರಸು ಮರೆಯಾಗುತ್ತದೆ. ಗೊರಸು ನೋಡದೆ ಕುದುರೆ ನೋಡಿದೆ ಎನ್ನುವ ಹಾಗಿಲ್ಲ. ಕಾಲು ಕೆಟ್ಟಿದ್ದರೆ ಮಿಕ್ಕೆಲ್ಲ ಅಂದವೂ ವ್ಯರ್ಥ. ತಲೆಯನ್ನು ಮೇಲಕ್ಕೆ ಎಳೆದು ಹಿಡಿದ ಚಿತ್ರದಲ್ಲಿ ಕತ್ತು ಚೆಂದ ಕಂಡೀತು, ಬೆನ್ನಿನ ನಿಜವಾದ ಆಕಾರ ತಿಳಿಯುವುದಿಲ್ಲ. ಮದುವೆಯ ಜರತಾರಿ ಹೊದಿಸಿ ತೆಗೆದರಂತೂ ಪಕ್ಕೆಲುಬು ಎಣಿಸಲೂ ಆಗುವುದಿಲ್ಲ, ಜೀನು ಉಜ್ಜಿ ಆದ ಗಾಯವೂ ಕಾಣುವುದಿಲ್ಲ. ಬೇಕಾದದ್ದು ಸರಳ: ಬರಿಮೈ ಕುದುರೆ, ಸಮನೆಲ, ಬೆಳಗಿನ ಬೆಳಕು. ಕ್ಯಾಮೆರಾ ಕುದುರೆಯ ಹೆಗಲಿನ ಮಟ್ಟದಲ್ಲಿರಲಿ. ಎಡಗಡೆಯಿಂದ, ಬಲಗಡೆಯಿಂದ, ಎದುರಿನಿಂದ, ಹಿಂದಿನಿಂದ ಒಂದೊಂದು ಚಿತ್ರ. ನಾಲ್ಕು ಗೊರಸು ಹತ್ತಿರದಿಂದ. ತುಟಿ ಬಿಡಿಸಿ ತೆಗೆದ ಹಲ್ಲಿನ ಚಿತ್ರ ಒಂದು.

ವಿಡಿಯೊ ಫೋಟೊಗಿಂತ ಹೆಚ್ಚು ಹೇಳಬೇಕು. ಈಗ ಬರುವ ವಿಡಿಯೊಗಳು ಹೆಚ್ಚು ಮುಚ್ಚಿಡುತ್ತವೆ. ಜೋರಾದ ಹಾಡು ಹಾಕುತ್ತಾರೆ, ಓಟವನ್ನು ನಿಧಾನಗತಿಗೆ ಇಳಿಸುತ್ತಾರೆ. ಹಾಡಿನಡಿ ಗೊರಸಿನ ಸದ್ದು ಹೂತುಹೋಗುತ್ತದೆ. ನಾಲ್ಕೂ ಕಾಲು ಒಂದೇ ಲಯದಲ್ಲಿ ಬೀಳುತ್ತಿವೆಯೇ ಎಂದು ಕಿವಿಗೊಟ್ಟು ಕೇಳುವವನಿಗೆ ಆ ಸದ್ದೇ ಮುಖ್ಯ. ನಿಧಾನಗತಿಯಲ್ಲಿ ಕುಂಟುವ ಕುದುರೆಯೂ ತೇಲುವಂತೆ ಕಾಣುತ್ತದೆ. ಸಣ್ಣ ಕುಂಟು ಹೊರಬೀಳುವುದು ಕುಕ್ಕುಲೋಟದಲ್ಲಿ. ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಕ್ಯಾಮೆರಾದಿಂದ ದೂರಕ್ಕೆ ಓಡಿಸಿ ಮತ್ತೆ ಎದುರಿಗೆ ಓಡಿಸಿಕೊಂಡು ಬರಬೇಕು. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಇದನ್ನು ಯಾವ ಹಾಡೂ ಇಲ್ಲದೆ ಇಪ್ಪತ್ತು ಸೆಕೆಂಡು ತೋರಿಸಿದವನ ಮೇಲೆ ನನಗೆ ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತದೆ.

ಎತ್ತರದ ವಿಷಯದಲ್ಲಿ ಒಂದೆರಡು ಇಂಚು ಸೇರಿಸುವುದು ವಾಡಿಕೆಯೇ ಆಗಿಹೋಗಿದೆ. ಕುದುರೆಯ ಎತ್ತರವನ್ನು ಅಳೆಯುವುದು ತಲೆಯಿಂದಲ್ಲ. ಕತ್ತು ಬೆನ್ನಿಗೆ ಕೂಡುವಲ್ಲಿ ಹೆಗಲ ಮೇಲೊಂದು ಉಬ್ಬಿದೆಯಲ್ಲ, ಅಲ್ಲಿಂದ ನೆಲಕ್ಕೆ. ಟೇಪನ್ನು ಮೈಯ ಉಬ್ಬುತಗ್ಗಿನ ಮೇಲೆ ಹಾಯಿಸಿದರೆ ಲೆಕ್ಕ ಹೆಚ್ಚುತ್ತದೆ. ನೆಟ್ಟಗಿನ ಕೋಲು ನಿಲ್ಲಿಸಿ, ಅಡ್ಡಕೋಲನ್ನು ಹೆಗಲಿಗೆ ತಾಗಿಸಿ ಅಳೆಯಬೇಕು. ಅದಕ್ಕಿಂತ ಮುಖ್ಯವಾದ ತೂಕವನ್ನು ಯಾರೂ ಬರೆಯುವುದಿಲ್ಲ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎನ್ನುವುದು ಸಾಮಾನ್ಯ ಲೆಕ್ಕ. 350 ಕಿಲೋ ತೂಗುವ ಕುದುರೆಗೆ 70 ಕಿಲೋ. 90 ಕಿಲೋ ತೂಗುವ ಯಜಮಾನರು ಬರೀ ಇಂಚು ನೋಡಿ ಕೊಂಡರೆ ಬೆನ್ನು ನೋಯುವುದು ಕುದುರೆಗೆ.

ವಯಸ್ಸಿಗೆ ಹಲ್ಲೇ ಸಾಕ್ಷಿ. ಘಾಟಿ ಸುಬ್ರಹ್ಮಣ್ಯದಲ್ಲೋ ಮುಡುಕುತೊರೆಯಲ್ಲೋ ದನದ ಜಾತ್ರೆ ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಎಂಬ ಮಾತು ಕುದುರೆಗೂ ನಡೆಯುತ್ತದೆ. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಅಂಚಿನದು. ಐದಕ್ಕೆ ಬಾಯಿ ಕೂಡುತ್ತದೆ. ಅಲ್ಲಿಂದ ಎಂಟರವರೆಗೆ ಕೆಳಹಲ್ಲಿನ ಮೇಲಿನ ಕುಳಿಗಳು ಸವೆಯುವುದನ್ನು ನೋಡಿ ಹೇಳಬಹುದು. ಆಮೇಲೆ ಹೇಳುವುದೆಲ್ಲ ಅಂದಾಜು. ಹತ್ತರ ಸುಮಾರಿಗೆ ಮೇಲಿನ ಅಂಚಿನ ಹಲ್ಲಿನ ಮೇಲೆ ಕಾಣಿಸಿಕೊಳ್ಳುವ ಗೆರೆ ವರ್ಷ ಕಳೆದಂತೆ ಕೆಳಗಿಳಿಯುತ್ತದೆ. ಜಾಹೀರಾತಿನಲ್ಲಿ ಮಾತ್ರ ನಮ್ಮ ದೇಶದ ಕುದುರೆಗಳೆಲ್ಲ ನಾಲ್ಕು ವರ್ಷದವೇ! ಹದಿನಾಲ್ಕರ ಕುದುರೆಯನ್ನು ಹದಿನಾಲ್ಕೆಂದು ಬರೆಯಲು ಅಳುಕಬೇಕಾದ್ದಿಲ್ಲ. ಸವಾರಿ ಕಲಿಯುವ ಮಗುವಿಗೆ ಲೋಕ ಕಂಡ ಹದಿನಾಲ್ಕರ ಕುದುರೆಯೇ ಒಳ್ಳೆಯ ಗುರು. ಮೂರು ವರ್ಷದ ಮರಿ ಅಲ್ಲ.

ಇನ್ನು ಬಣ್ಣ ಮತ್ತು ಸುಳಿ. ನಾಲ್ಕು ಕಾಲು, ಮುಖ ಬೆಳ್ಳಗಿರುವ ಪಂಚಕಲ್ಯಾಣಿ, ಅಚ್ಚ ಬಿಳಿಯ ನುಕ್ರಾ, ಸುಳಿ ಶುದ್ಧ ಎಂಬ ಮಾತುಗಳು ಜಾಹೀರಾತಿನ ಮೊದಲ ಸಾಲಲ್ಲೇ ಬರುತ್ತವೆ. ನಂಬುವವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ; ತಲೆತಲಾಂತರದಿಂದ ಬಂದದ್ದು. ಆದರೆ ಹಣೆಯ ಸುಳಿಗೆ ಮೂರು ಸಾಲು ಕೊಟ್ಟವರು ಕಾಲಿನ ಊತಕ್ಕೆ ಒಂದು ಪದವನ್ನೂ ಕೊಡುವುದಿಲ್ಲ ಎನ್ನುವುದು ನನ್ನ ತಕರಾರು. ನುಕ್ರಾ ಎಂದು ಹೆಮ್ಮೆಯಿಂದ ಬರೆಯುವವರು ಅದರ ಗುಲಾಬಿ ತೊಗಲಿಗೆ ಬಿಸಿಲು ತಡೆಯದು, ಮೂತಿ, ಕಣ್ಣಿನ ಸುತ್ತ ಸುಡುತ್ತದೆ, ನೆರಳು ಬೇಕೇ ಬೇಕು ಎಂದೂ ಬರೆಯಲಿ. ಕೊಳ್ಳುವವರು ರಾಯಚೂರಿನ ಬಿಸಿಲಿನವರಾಗಿದ್ದರೆ ಆ ಸಾಲಿನಿಂದ ಒಂದು ಕುದುರೆ ಉಳಿದೀತು.

ದೂರದೇಶದಿಂದ ಕುದುರೆ ತರಿಸುವುದು ಕನ್ನಡನಾಡಿಗೆ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ಹಿಡಿದು ತರುವ ಪರದೇಶಿ ವ್ಯಾಪಾರಿಗಳು ಇವತ್ತಿಗೂ ಕಾಣುತ್ತಾರೆ. ಸ್ವತಃ ಕುದುರೆ ವ್ಯಾಪಾರಿಯಾಗಿ 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನ್ಯೂನಿಜ್ ಒಂದು ಸಂಗತಿ ದಾಖಲಿಸಿದ್ದಾನೆ. ಹರ್ಮುಜ್, ಏಡನ್ ಕಡೆಯಿಂದ ಬರುವ ಕುದುರೆಗಳನ್ನು ಅವನಿಗಿಂತ ಹಿಂದಿನ ಅರಸ ಸಾಳುವ ನರಸಿಂಹ ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಅದಕ್ಕೂ ಹಣ ಸಲ್ಲುತ್ತಿತ್ತಂತೆ. ಸೈನ್ಯಕ್ಕೆ ಕುದುರೆ ಬೇಕೇಬೇಕಿದ್ದ ಅರಸನ ಲೆಕ್ಕಾಚಾರ ಇದು ಎನ್ನುವುದು ಸರಿ. ನನಗೆ ಇದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ನಷ್ಟ ಯಾರದ್ದೆಂದು ಮೊದಲೇ ತೀರ್ಮಾನವಾಗಿತ್ತು, ಅದಕ್ಕೆ ಕಣ್ಣಿಗೆ ಕಾಣುವ ಪುರಾವೆ ಬೇಕಿತ್ತು; ಹೀಗಾಗಿ ವ್ಯಾಪಾರಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಇಂದಿನ ಜಾಹೀರಾತಿನಲ್ಲಿ ಆ ತೀರ್ಮಾನ, ಆ ಪುರಾವೆ ಎರಡೂ ಇಲ್ಲ. ದಾರಿಯಲ್ಲಿ ಲಾರಿಯೊಳಗೆ ಕುದುರೆಗೆ ಏನಾದರೂ ಆದರೆ ಹೊಣೆ ಯಾರದು? ಬಂದಿಳಿದ ಮೇಲೆ ಕುಂಟಿದರೆ ವಾಪಸು ಉಂಟೇ? ಬರೆದಿರುವುದಿಲ್ಲ, ಕೇಳುವವರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಅಪಾಯದ ತಪ್ಪು ಸ್ವಭಾವದ ಬಗ್ಗೆ ಬರೆಯುವುದರಲ್ಲಿದೆ. “ತುಂಬಾ ಸಾಧು, ಮಕ್ಕಳೂ ಹತ್ತಬಹುದು” ಎಂದು ಬೀಜದ ಕುದುರೆಗೂ ಬರೆಯುತ್ತಾರೆ. ಸಾಧು ಎನ್ನುವುದನ್ನು ತೋರಿಸಲು ಪುಟ್ಟ ಹುಡುಗನನ್ನು ಹೊಟ್ಟೆಯ ಕೆಳಗೆ ನುಸುಳಿಸಿದ ವಿಡಿಯೊಗಳು ಬಂದಾಗ ನನ್ನ ಎದೆ ಝಲ್ಲೆನ್ನುತ್ತದೆ. ಒಂದು ನೊಣ ಕಚ್ಚಿದರೆ ಸಾಕು, ಎಂಥ ಸಾಧು ಕುದುರೆಯೂ ಕಾಲು ಝಾಡಿಸುತ್ತದೆ. ಸ್ವಭಾವವನ್ನು ಒಂದು ಪದದಲ್ಲಿ ಹೇಳಲಾಗದು, ಸಂದರ್ಭಗಳಲ್ಲಿ ಹೇಳಬೇಕು. ಲಾಳ ಹೊಡೆಸುವಾಗ ನಿಲ್ಲುತ್ತದೆಯೇ? ಲಾರಿ ಹತ್ತುತ್ತದೆಯೇ? ಒಂಟಿಯಾಗಿ ಬಿಟ್ಟರೆ ಕಂಗೆಡುತ್ತದೆಯೇ? ಪಟಾಕಿ, ತಮಟೆ, ಬಸ್ಸಿನ ಹಾರ್ನ್‌ಗೆ ಏನು ಮಾಡುತ್ತದೆ? ಹಲ್ಲನ್ನು ಕಟ್ಟೆಗೆ ಒತ್ತಿ ಗಾಳಿ ನುಂಗುವ ಚಟ ಇದೆಯೇ? ಇವಕ್ಕೆ ನೇರ ಉತ್ತರ ಬರೆದರೆ ಹತ್ತು ಜನ ದೂರ ಸರಿದಾರು. ಹನ್ನೊಂದನೆಯವರು ಆ ಕುದುರೆಯನ್ನು ಅರಿತು ಸಾಕುವವರಾಗಿರುತ್ತಾರೆ.

ಆರೋಗ್ಯದ ದಾಖಲೆ ಇಲ್ಲದ ಜಾಹೀರಾತನ್ನು ಜಾಹೀರಾತೆಂದೇ ಗಣಿಸಬಾರದು ಎನ್ನುವುದು ನನ್ನ ನಿಲುವು. ಗ್ಲ್ಯಾಂಡರ್ಸ್ ಎಂಬ ರೋಗವಿದೆ. ಬ್ಯಾಕ್ಟೀರಿಯಾದಿಂದ ಬರುವ ಇದಕ್ಕೆ ಲಸಿಕೆ ಇಲ್ಲ, ಕುದುರೆಯಿಂದ ಮನುಷ್ಯರಿಗೂ ಅಂಟುತ್ತದೆ. ಕೆಲವು ಕುದುರೆಗಳು ಹೊರಗೆ ಆರೋಗ್ಯವಾಗಿ ಕಾಣುತ್ತಲೇ ರೋಗ ಹೊತ್ತಿರುತ್ತವೆ. ರೋಗ ಖಚಿತವಾದರೆ 2009ರ ಕೇಂದ್ರ ಕಾಯ್ದೆಯ ಪ್ರಕಾರ ಅಂಥ ಕುದುರೆಗೆ ದಯಾಮರಣವೊಂದೇ ದಾರಿ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ರಕ್ತಪರೀಕ್ಷೆಗೆ ಹೆಸರಾದದ್ದು. ಇತ್ತೀಚಿನ ಪರೀಕ್ಷಾ ವರದಿ, ಧನುರ್ವಾತದ ಲಸಿಕೆಯ ದಿನಾಂಕ, ಸಾಗಣೆಗೆ ಯೋಗ್ಯವೆಂಬ ವೈದ್ಯರ ಪ್ರಮಾಣಪತ್ರ, ಇವುಗಳ ಚಿತ್ರ ಹಾಕಲು ಒಂದು ನಿಮಿಷ ಸಾಕು. ಗಬ್ಬದ ಕುದುರೆ ಎಂದು ಬೆಲೆ ಏರಿಸುವವರು ಸ್ಕ್ಯಾನಿಂಗ್ ವರದಿ ಜೋಡಿಸಲಿ. ಹನ್ನೊಂದು ತಿಂಗಳು ಕಾಯಿಸಿ ಮರಿ ಇಲ್ಲವೆಂದು ಗೊತ್ತಾಗುವುದು ಯಾರಿಗೂ ಒಳ್ಳೆಯದಲ್ಲ.

ಬೆಂಗಳೂರು, ಮೈಸೂರಿನ ರೇಸ್‌ಗಳಿಂದ ನಿವೃತ್ತವಾದ ಥರೋಬ್ರೆಡ್‌ಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಎರಡು ವರ್ಷಕ್ಕೇ ಓಡಲು ತೊಡಗಿ, ಎಳೆಯ ವಯಸ್ಸಿನಲ್ಲೇ ಕಣದಿಂದ ಹೊರಬೀಳುವ ಕುದುರೆಗಳಿವು. ಇವುಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಿಡಿಯುತ್ತಾರೆ. ಪುಣೆಯ ಸ್ಟಡ್ ಬುಕ್ ಅಥಾರಿಟಿಯಲ್ಲಿ ತಂದೆತಾಯಿಯ ಸಮೇತ ದಾಖಲಾಗಿರುವ ಇಂಥ ಕುದುರೆಯ ವಯಸ್ಸನ್ನು ಊಹಿಸಿ ಬರೆಯುವ ಕಾರಣವೇ ಇಲ್ಲ. ಆದರೂ “ರೇಸ್ ಗೆದ್ದ ಕುದುರೆ, ಕಮ್ಮಿ ಬೆಲೆ” ಎಂದಷ್ಟೇ ಬರುತ್ತದೆ. ಓಟ ನಿಂತದ್ದು ಏಕೆ ಎಂಬುದೇ ಇರುವುದಿಲ್ಲ. ಮುಂಗಾಲಿನ ಹಿಂಬದಿಯ ನರ ಎಳೆದು ಊದಿಕೊಂಡದ್ದಾದರೆ ಮೆಲ್ಲಗಿನ ಸವಾರಿಗೆ ಅದು ಆಗಬಹುದು, ನೆಗೆತಕ್ಕೆ ಆಗದು. ಈ ಒಂದು ವಾಕ್ಯ ಬರೆದಿದ್ದರೆ ಎಷ್ಟೋ ಕುದುರೆಗಳು ಎರಡನೆಯ ಬದುಕು ಕಾಣುತ್ತಿದ್ದವು.

ಒಳ್ಳೆಯ ಜಾಹೀರಾತು ಹೇಗಿರಬೇಕು ಎಂದು ಕೇಳಿದವರಿಗೆ ನಾನು ಬರೆದುಕೊಡುವ ಮಾದರಿ ಇದು:

“ಹೆಣ್ಣು ಕುದುರೆ, ಕಂದು ಬಣ್ಣ. ಹಲ್ಲು ನೋಡಿದ ವೈದ್ಯರ ಅಂದಾಜಿನಲ್ಲಿ ಹನ್ನೆರಡು ವರ್ಷ. ಕೋಲಿನಲ್ಲಿ ಅಳೆದ ಎತ್ತರ 59 ಇಂಚು. ಬಲ ಹಿಂಗಾಲಿನಲ್ಲಿ ಹಳೆಯ ಗಾಯದ ಗುರುತಿದೆ, ಕುಂಟು ಇಲ್ಲ. ಲಾಳ ಹೊಡೆಸಲು ನಿಲ್ಲುತ್ತಾಳೆ, ಲಾರಿ ಹತ್ತಲು ಹಟ ಮಾಡುತ್ತಾಳೆ. ಪಟಾಕಿಗೆ ಹೆದರುತ್ತಾಳೆ; ಮೆರವಣಿಗೆಗೆ ಆಗುವುದಿಲ್ಲ. ಕಳೆದ ವರ್ಷ ಒಮ್ಮೆ ಹೊಟ್ಟೆಶೂಲೆ ಬಂದಿತ್ತು. ದಿನಕ್ಕೆ ಹುಲ್ಲಿನ ಜೊತೆ ಬೇಯಿಸಿದ ಹುರುಳಿ, ಬೂಸಾ. ರಕ್ತಪರೀಕ್ಷೆಯ ವರದಿ ಜೊತೆಗಿದೆ. ಮಗ ಓದಲು ಬೇರೆ ಊರಿಗೆ ಹೋದದ್ದರಿಂದ ಕೊಡುತ್ತಿದ್ದೇವೆ. ನಿಮ್ಮ ವೈದ್ಯರನ್ನು ಕರೆತಂದು ನೋಡಬಹುದು.” ಕೆಳಗೆ ಬೆಲೆ.

ಮೇವಿನ ಸಾಲನ್ನು ಬೇಕೆಂದೇ ಸೇರಿಸುತ್ತೇನೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಮೇವು ಏಕಾಏಕಿ ಬದಲಾದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹಳೆಯ ಮನೆಯ ಮೇವಿನಿಂದ ಹೊಸ ಮನೆಯ ಮೇವಿಗೆ ವಾರ, ಹತ್ತು ದಿನ ತೆಗೆದುಕೊಂಡು ಸಾಗಬೇಕು. ಬೆಲೆಯನ್ನೂ ತೆರೆದೇ ಹೇಳಲಿ. ಫೇಸ್‌ಬುಕ್‌ನಂಥ ತಾಣಗಳ ನಿಯಮ ಪ್ರಾಣಿ ಮಾರಾಟವನ್ನು ಒಪ್ಪುವುದಿಲ್ಲ. ಆ ಕಾರಣಕ್ಕೆ ಬೆಲೆ ಮುಚ್ಚಿಟ್ಟು ಮಾತಾಡುವ ರೂಢಿ ಬಂದಿದೆ, ಮೋಸಕ್ಕೂ ಅದೇ ಸಂದಿ. ಇನ್ನಾರದೋ ಕುದುರೆಯ ಚಿತ್ರ ಹಾಕಿ ಸಾಗಣೆಯ ಮುಂಗಡ ಹಾಕಿಸಿಕೊಂಡು ಮಾಯವಾಗುವವರಿದ್ದಾರೆ.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಇವತ್ತಿನ ದಿನಾಂಕ ಬರೆದ ಚೀಟಿ ಹಿಡಿದು ಹೊಸ ವಿಡಿಯೊ ಕಳಿಸಿ ಎಂದು ಕೇಳಿ, ಹೋಗಿ ನೋಡಿ, ಕುದುರೆ ಬಲ್ಲ ವೈದ್ಯರಿಂದ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮಾರುವವರಲ್ಲಿ ಬೇಡಿಕೊಳ್ಳುವುದು ಅದಕ್ಕಿಂತ ಕಡಿಮೆ. ಇಷ್ಟು ದಿನ ನಿಮ್ಮನ್ನು ಹೊತ್ತ ಪ್ರಾಣಿ ಅದು. ಅದರ ಊನವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಅದನ್ನು ಓದಿಯೂ ಬರುವವರಿಗೇ ಕುದುರೆಯನ್ನು ಕೊಡಿ.