ಶರಾವತಿಯ ಆಚೆದಡದಲ್ಲಿ ‘ರೇಂಜು’

ಸಾಗರದ ಪೇಟೆಯನ್ನು ದಾಟಿ ಸಿಗಂದೂರಿನ ದಾರಿ ಹಿಡಿದ ಪ್ರವಾಸಿಗನಿಗೆ ಅಂಬಾರಗೊಡ್ಲುವಿನಲ್ಲಿ ನೆಲವು ಮುಗಿದು ಜಲರಾಶಿ ಎದುರಾಗುತ್ತದೆ. ಹಲವು ದಶಕಗಳ ಕಾಲ ಇಲ್ಲಿ ಲಾಂಚಿಗಾಗಿ ಕಾದು ನಿಲ್ಲದೆ ಗತ್ಯಂತರವಿರಲಿಲ್ಲ. 2025ರ ಜುಲೈ ತಿಂಗಳಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಈಗ ವಾಹನಗಳು ಕೆಲವೇ ನಿಮಿಷಗಳಲ್ಲಿ ಆಚೆದಡದ ಕಳಸವಳ್ಳಿಯನ್ನು ಸೇರುತ್ತವೆ. ಅಲ್ಲಿಂದ ಮುಂದೆ ತುಮರಿ, ಅದರಾಚೆ ಕಾಡು, ಅಡಿಕೆ ತೋಟ, ಒಂದೊಂದು ಕಣಿವೆಯಲ್ಲಿ ಒಂದೊಂದು ಮನೆ. ಪ್ರಕೃತಿಯ ಈ ಸೊಬಗನ್ನು ಕಂಡು ಮೈಮರೆತವನು ಕೈಯಲ್ಲಿರುವ ಮೊಬೈಲನ್ನು ನೋಡಿಕೊಳ್ಳುವುದು ತಡವಾಗಿಯೇ. ಪರದೆಯ ಮೂಲೆಯಲ್ಲಿದ್ದ ಗೆರೆಗಳು ಒಂದೊಂದಾಗಿ ಕರಗಿ ಹೋಗಿರುತ್ತವೆ.

ಈ ನಾಡಿಗೆ ದೂರವಾಗುವುದೆಂದರೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಗದ್ದೆ, ತೋಟ, ದೇವಾಲಯ, ಮನೆಗಳೆಲ್ಲ ನೀರಿನ ಅಡಿಯಾದವು. ಸಹಸ್ರಾರು ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಉಳಿದವರ ಊರುಗಳು ಹಿನ್ನೀರಿನ ಆಚೆ ಒಂಟಿಯಾದವು. ಶರಾವತಿಯ ವಿದ್ಯುತ್ತು ದೂರದ ನಗರಗಳನ್ನೂ ಕಾರ್ಖಾನೆಗಳನ್ನೂ ಬೆಳಗಿಸಿತು. ನಾಡಿಗೆ ಬೆಳಕನ್ನಿತ್ತ ಕಣಿವೆಗೆ ದಾರಿ ದೊರೆಯಲು ಅರುವತ್ತು ವರ್ಷಗಳು ಹಿಡಿದವು. ಈಗ ಅದು ಕಾಯುತ್ತಿರುವುದು ಮಾತಿಗಾಗಿ.

2020ರ ಮಹಾಮಾರಿಯ ದಿನಗಳಲ್ಲಿ ನಗರದ ಕಚೇರಿಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಲ್ಯಾಪ್‌ಟಾಪು ಹೊತ್ತು ತವರಿಗೆ ಮರಳಿದರು. ಅವರಲ್ಲಿ ಕೆಲವರು ಅಲ್ಲಿಯೇ ನೆಲೆಸುವ ಮನಸ್ಸು ಮಾಡಿದರು. ಅಂಥವರು ಇಂದಿಗೂ ಬರುತ್ತಲೇ ಇದ್ದಾರೆ. ಹಾಗೆ ಬರುವವನೊಬ್ಬನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ವೃದ್ಧರಾದ ತಂದೆತಾಯಿಗಳ ಜೊತೆಗಿರಬೇಕು, ತೋಟವನ್ನೂ ನೋಡಿಕೊಳ್ಳಬೇಕು, ನಗರದ ಉದ್ಯೋಗವನ್ನೂ ಉಳಿಸಿಕೊಳ್ಳಬೇಕು. ಬೆಂಗಳೂರಿನಲ್ಲಿದ್ದಾಗಲೇ ಒಂದು ವರ್ಷದ ಮೊಬೈಲು ಹಣವನ್ನು ಒಟ್ಟಿಗೆ ಕಟ್ಟಿಬಿಟ್ಟಿದ್ದಾನೆ. ಮನೆಯ ಸಾಮಾನು ಲಾರಿಯಲ್ಲಿ ಬಂತು, ಬೆಕ್ಕು ಬುಟ್ಟಿಯಲ್ಲಿ ಬಂತು. ಸಂಕೇತ ಮಾತ್ರ ಬರಲಿಲ್ಲ. ವರ್ಷದ ಅವಧಿಯಲ್ಲಿ ಇನ್ನೂ ಎಂಟು ತಿಂಗಳು ಬಾಕಿ!

ಇದಕ್ಕೆ ಕಾರಣ ಈ ನೆಲದ ರಚನೆಯಲ್ಲಿಯೇ ಇದೆ. ಮೊಬೈಲಿನ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಮಲೆನಾಡಿಗರಾದರೋ ನೀರಿನ ಆಸರೆಗಾಗಿ, ಗಾಳಿಯ ಮರೆಗಾಗಿ, ಕಣಿವೆಯ ತಳದಲ್ಲಿಯೇ ಮನೆ ಕಟ್ಟಿದರು. ಹಿರಿಯರು ಅಡಿಕೆಗೆ ಹಿತವೆಂದು ಆರಿಸಿದ ಜಾಗವೇ ಅಲೆಗಳಿಗೆ ಅಹಿತವಾಯಿತು. ಮಳೆಯಲ್ಲಿ ತೊಯ್ದ ದಟ್ಟವಾದ ಎಲೆಗಳು ಉಳಿದಷ್ಟನ್ನೂ ಹೀರುತ್ತವೆ. 700, 800, 900 ಮೆಗಾಹರ್ಟ್ಸಿನ ಅಲೆಗಳು ಹೆಚ್ಚು ದೂರ ಹರಡಬಲ್ಲವು. 2300ರಂಥ ಮೇಲಿನ ಅಲೆಗಳು ಬೇಗನೆ ಸೋಲುತ್ತವೆ. ಆದ್ದರಿಂದ ಒಂದೇ ಮನೆಯಲ್ಲಿ ಒಂದು ಕಂಪೆನಿಯ ಸಿಮ್ಮು ಮೂಕವಾಗಿರುವಾಗ ಇನ್ನೊಂದು ಕಂಪೆನಿಯದು ಪಿಸುಮಾತನ್ನಾದರೂ ಆಡುವುದುಂಟು.

ಇಲ್ಲಿನ ಜನ ಅದನ್ನು ‘ರೇಂಜು’ ಎನ್ನುತ್ತಾರೆ. ಅದು ಸಿಗುವ ಸ್ಥಳಗಳು ಊರಿನವರಿಗೆಲ್ಲ ಬಾಯಿಪಾಠ: ಧರೆಯ ಮೇಲಿನ ಹಲಸಿನ ಮರದ ಬುಡ, ಗುಡ್ಡದ ನೆತ್ತಿ, ರಸ್ತೆಯ ತಿರುವು. 2020ರಲ್ಲಿ ಶಾಲೆಗಳು ಮೊಬೈಲಿಗೆ ವರ್ಗವಾದಾಗ ಮಲೆನಾಡಿನ ಎಷ್ಟೋ ಮಕ್ಕಳು ಕೊಡೆ ಹಿಡಿದು ಇಂಥ ಗುಡ್ಡಗಳನ್ನೇರಿ ಪಾಠ ಕೇಳಿದರು. ಅದನ್ನು ಸಾಹಸವೆಂದು ಮೆಚ್ಚುವುದು ಸುಲಭ. ಆದರೆ ನಡುರಾತ್ರಿ ವೃದ್ಧರೊಬ್ಬರಿಗೆ ಎದೆನೋವು ಬಂದಾಗ 108ಕ್ಕೆ ಕರೆ ಮಾಡಲು ಜಡಿಮಳೆಯಲ್ಲಿ ಗುಡ್ಡ ಹತ್ತಬೇಕಾದವರನ್ನು ನೆನೆದರೆ ಮೆಚ್ಚುಗೆ ನಾಲಗೆಯಲ್ಲಿಯೇ ಒಣಗುತ್ತದೆ.

ಒಪ್ಪಂದದ ನಡುವೆ ಮನೆ ಬದಲಿಸಿದವನಿಗೆ ದಾರಿ ಇಲ್ಲದಿಲ್ಲ. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿಯನ್ನು ಬದಲಿಸುವ ಸೌಲಭ್ಯ 2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂತು. 2015ರ ಜುಲೈಯಿಂದ ರಾಜ್ಯ ಬದಲಿಸಿದರೂ ಅದು ಲಭ್ಯ. 1900ಕ್ಕೆ ಸಂದೇಶ ಕಳುಹಿಸಿದರೆ ಸಂಕೇತಾಕ್ಷರ ಬರುತ್ತದೆ. ಆದರೆ ಆ ಸಂದೇಶ ಕಳುಹಿಸಲೂ ಹಲಸಿನ ಮರದ ಬುಡಕ್ಕೇ ಹೋಗಬೇಕೆಂಬುದು ಬೇರೆ ಮಾತು. ಮುಂಗಡವಾಗಿ ಕಟ್ಟಿದ ಹಣ ಮಾತ್ರ ಹೊಸ ಕಂಪೆನಿಗೆ ವರ್ಗವಾಗುವುದಿಲ್ಲ. ತಿಂಗಳ ಬಿಲ್ಲಿನವರು ಬಾಕಿ ತೀರಿಸಿಯೇ ಹೊರಡಬೇಕು. ಒಮ್ಮೆ ಬದಲಿಸಿದ ಮೇಲೆ 90 ದಿನಗಳವರೆಗೆ ಮತ್ತೆ ಬದಲಿಸುವಂತಿಲ್ಲ. ಆದುದರಿಂದ ಬಲ್ಲವರು ಮೊದಲು ನೆರೆಮನೆಯವರ ಮೊಬೈಲನ್ನು ತಮ್ಮ ಜಗಲಿಯಲ್ಲಿ ಹಿಡಿದು ನೋಡುತ್ತಾರೆ; ಅನಂತರ ಎರಡನೆಯ ಸಿಮ್ಮು ಕೊಳ್ಳುತ್ತಾರೆ; ಹಳೆಯ ಅವಧಿ ಮುಗಿದ ಮೇಲೆ ಸಂಖ್ಯೆಯನ್ನು ವರ್ಗಾಯಿಸುತ್ತಾರೆ. ಅಷ್ಟರವರೆಗೆ ಬ್ಯಾಂಕಿನ ಗುಪ್ತಸಂಖ್ಯೆಗಾಗಿ ಗುಡ್ಡವೇ ಗತಿ.

ಯಾವ ಕಂಪೆನಿಯೂ ನಿಲುಕದ ಕಣಿವೆಗೆ ತಂತಿಯೇ ಆಧಾರ. ಮನೆಗೆ ಫೈಬರ್ ಎಳೆಸಿಕೊಂಡರೆ, ಆ ಸಂಪರ್ಕದ ಮೂಲಕವೇ ಮೊಬೈಲಿನಲ್ಲಿ ಮಾತನಾಡುವ ವೈಫೈ ಕರೆಯ ಸೌಲಭ್ಯ ಭಾರತದಲ್ಲಿ 2019ರ ಕೊನೆಯಿಂದ ಬಂದಿದೆ. ಆದರೆ ಮಳೆಗಾಲದಲ್ಲಿ ಮರ ಉರುಳಿದರೆ ತಂತಿ ಹರಿಯುತ್ತದೆ. ವಿದ್ಯುತ್ತು ಹೋದರೆ ಯಂತ್ರ ಕಣ್ಣು ಮುಚ್ಚುತ್ತದೆ. ನಾಡಿಗೆಲ್ಲ ವಿದ್ಯುತ್ತನ್ನಿತ್ತ ಕಣಿವೆಯ ಮನೆಗಳು ಒಂದು ಕರೆಗಾಗಿ ಬ್ಯಾಟರಿಯನ್ನು ನಂಬಿ ಕೂರುವುದು ವಿಧಿಯ ವಿನೋದವೆನ್ನಬೇಕು.

ಸರಕಾರ ಸುಮ್ಮನಿದೆಯೆನ್ನಲಾಗದು. ಮೊಬೈಲು ತಲುಪದ 24,680 ಹಳ್ಳಿಗಳಿಗೆ 4ಜಿ ಸೇವೆ ಒದಗಿಸಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆಯಿತ್ತಿತು. ಸೇವೆ ಎಲ್ಲೆಲ್ಲಿ ಇದೆಯೆಂಬ ನಕಾಶೆಯನ್ನು ಕಂಪೆನಿಗಳು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ವಿಧಿಸಿತು. ಆದರೆ ನಕಾಶೆ ಬಣ್ಣ ಬಳಿಯುವುದು ಊರಿಗೆ. ಮನೆಗಳಿರುವುದು ಗುಡ್ಡದ ಮರೆಯಲ್ಲಿ. ಮುಖ್ಯ ಬೀದಿಯಲ್ಲಿ ಗೋಪುರ ನಿಂತ ಮಾತ್ರಕ್ಕೆ ಕಣಿವೆಯ ಕೊನೆಯ ಮನೆಗೆ ಮಾತು ತಲುಪೀತೆಂಬ ಭರವಸೆಯಿಲ್ಲ.

ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂದು ವೃದ್ಧದಂಪತಿಗಳಿಬ್ಬರೇ ಇದ್ದಾರೆ. ಮಕ್ಕಳಿಗೆ ಮರಳುವ ಆಸೆಯಿಲ್ಲವೆಂದಲ್ಲ. ಮರಳಿದರೆ ಉದ್ಯೋಗ ಉಳಿಯುವುದೋ ಎಂಬ ಅಳುಕು. ಅಂದು ನೀರು ಬಂದು ಮನೆಗಳನ್ನು ಖಾಲಿ ಮಾಡಿಸಿತು. ಇಂದು ಅಲೆಯೊಂದು ಬಾರದೆ ಖಾಲಿಯಾಗುತ್ತಿವೆ. ಹಿಂದೆ ಮಲೆನಾಡಿಗೆ ಸಂಬಂಧ ಬೆಳೆಸುವವರು ಬಾವಿಯಲ್ಲಿ ಬೇಸಗೆಗೂ ನೀರುಂಟೇ ಎಂದು ವಿಚಾರಿಸುತ್ತಿದ್ದರು. ಇನ್ನು ಆ ಕಣಿವೆಗಳಲ್ಲಿ ನೆಲೆಸಬಯಸುವವರು, ವರ್ಷದ ಹಣ ಕಟ್ಟುವ ಮುನ್ನ, ಜಗಲಿಯಲ್ಲಿ ನಿಂತು ರೇಂಜು ಉಂಟೇ ಎಂದೂ ವಿಚಾರಿಸುವುದು ಲೇಸು.